ಗೌರವಾಧ್ಯಕ್ಷರು ಸಾಲುಸಾಲು, ಖಜಾಂಚಿಗೆ ಹುಡುಕಾಟ

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಫ್ಲೆಕ್ಸ್ ನೋಡಿದವರು ಕ್ರೀಡಾ ಸಂಘಗಳಿಗೆ ಜನ ಸಿಗುತ್ತಿಲ್ಲ ಎಂದರೆ ನಂಬಲಿಕ್ಕಿಲ್ಲ. ಗೌರವಾಧ್ಯಕ್ಷರು, ಪೋಷಕರು, ಸಲಹೆಗಾರರ ಮುಖಗಳಿಗೇ ಅದರಲ್ಲಿ ಜಾಗ ಸಾಲದು. ಜನ ಸಿಗದಿರುವುದು ಫೋಟೊ ಬೀಳದ ಕೆಲಸಕ್ಕೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಂಘವಾಯಿತು. ಆಮೇಲೆ ವರ್ಷವರ್ಷವೂ ಸರ್ವಸದಸ್ಯರ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದರ ಮೇಲೆ ಮ್ಯಾಟ್ ಬಾಡಿಗೆ, ಪೊಲೀಸ್ ಅನುಮತಿ, ತೀರ್ಪುಗಾರರ ಊಟ. ಎಲ್ಲವೂ ಕಾರ್ಯದರ್ಶಿಯ ತಲೆಗೇ ಬಂದರೆ ಆತ ಒಂದೆರಡು ಪಂದ್ಯಾವಳಿಗೆ ಸುಸ್ತಾಗುವುದರಲ್ಲಿ ಆಶ್ಚರ್ಯವಿಲ್ಲ.

ಈಗಿನ ಹುಡುಗರಿಗೆ ಸೇವಾ ಮನೋಭಾವವಿಲ್ಲ ಎನ್ನುವುದು ಹಿರಿಯರ ಸಿದ್ಧ ಉತ್ತರ. ಆದರೆ ಫೈನಲ್ ಮುಗಿದ ಮೇಲೆ ನಡುರಾತ್ರಿ ಮ್ಯಾಟ್ ಸುತ್ತಿ ಲಾರಿಗೆ ಏರಿಸುವವರು ಅದೇ ಹುಡುಗರಲ್ಲವೇ? ಆ ಕೆಲಸ ಎಲ್ಲಿ ಮುಗಿಯುತ್ತದೆಂದು ಅವರಿಗೆ ಗೊತ್ತು. ಸಮಿತಿ ಸ್ಥಾನಕ್ಕೆ ಅಂಥ ಗಡಿಯೇ ಇಲ್ಲ. ದೇವನಹಳ್ಳಿ ಬಳಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ನೆಲಮಂಗಲದ ದಾಬಸ್‌ಪೇಟೆಯಲ್ಲಿ ಕಾರ್ಖಾನೆಗಳು ಬಂದವು. ಅಲ್ಲೆಲ್ಲ ಶಿಫ್ಟಿನಲ್ಲಿ ದುಡಿಯುವವರನ್ನು ವಿಷಯಪಟ್ಟಿಯೂ ಇಲ್ಲದ ಸಂಜೆ ಸಭೆಗೆ ಕರೆದರೆ ಯಾರು ಬರುತ್ತಾರೆ? ‘ಬಾ, ಪದಾಧಿಕಾರಿಯಾಗು’ ಎನ್ನುವ ಬದಲು ‘ಒಂದು ವರ್ಷ ರಸೀದಿ ಪುಸ್ತಕ ನೋಡಿಕೋ’ ಎಂದು ಕೇಳಬೇಕು. ಶಾಲೆಯಲ್ಲಿ ಖೋ-ಖೋ ಆಡಿ ಬೆಳೆದ ಹೆಣ್ಣುಮಕ್ಕಳನ್ನಂತೂ ಯಾರೂ ಕೇಳಿಯೇ ಇರುವುದಿಲ್ಲ.

ಹಳೆಯ ಕಾರ್ಯದರ್ಶಿಗೇ ದಾನಿಗಳು, ಕಚೇರಿಗಳು ಪರಿಚಯ, ಆತ ಹೋದರೆ ಸಂಘ ಮುಳುಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೇ ಆತ ಇಳಿಯುವುದಕ್ಕೆ ಒಂದು ವರ್ಷ ಮೊದಲೇ ಜಂಟಿ ಕಾರ್ಯದರ್ಶಿಯೊಬ್ಬರು ಜತೆಗೆ ಓಡಾಡಿರಬೇಕು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ರಾಷ್ಟ್ರೀಯ ಫೆಡರೇಷನ್‌ಗಳ ಪದಾಧಿಕಾರಿಗಳಿಗೂ ಅವಧಿಯ ಮಿತಿ ಹಾಕಿದೆ, ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕು ಎಂದಿದೆ. ಊರಿನ ಸಂಘಕ್ಕೆ ಅದು ಅನ್ವಯಿಸದು, ಆದರೆ ಬೈಲಾದಲ್ಲಿ ಅಂಥ ನಿಯಮ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಕೆಲಸ ಹಂಚಿದರೆ ದುಡ್ಡಿನ ಜಗಳ ಹೆಚ್ಚುತ್ತದೆ ಎನ್ನುವವರೂ ಇದ್ದಾರೆ. ನನಗೆ ಕಾಣುವುದು ಉಲ್ಟಾ: ಖಜಾಂಚಿ ಸ್ಥಾನ ಎಂದರೆ ಜನ ಹಿಂಜರಿಯುವುದು ಕೆಲಸಕ್ಕಲ್ಲ, ‘ದುಡ್ಡು ಎಲ್ಲಿ ಹೋಯ್ತು’ ಎಂಬ ಹೋಟೆಲ್ ಕಟ್ಟೆಯ ಮಾತಿಗೆ. ಚೆಕ್ಕಿಗೆ ಇಬ್ಬರ ಸಹಿ ಇದ್ದು, ಪಂದ್ಯಾವಳಿ ಮುಗಿದ ವಾರದೊಳಗೆ ಶಾಮಿಯಾನ, ಜನರೇಟರ್ ಬಾಡಿಗೆ, ಬಹುಮಾನದ ಹಣವೆಲ್ಲ ಸೇರಿದ ಲೆಕ್ಕ ಸದಸ್ಯರ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಆ ಸ್ಥಾನಕ್ಕೆ ಒಪ್ಪುವವರು ಖಂಡಿತ ಸಿಗುತ್ತಾರೆ.