ಬನದ ನೆರಳು, ಬಯಲ ಬಿಸಿಲು

ಪಣಂಬೂರೆಂದರೆ ಇಂದಿನ ವಿದ್ಯಾರ್ಥಿಗೆ ಹಡಗುಗಳ ಊರು. 1975ರಲ್ಲಿ ಇಂದಿರಾ ಗಾಂಧಿಯವರು ನವಮಂಗಳೂರು ಬಂದರನ್ನು ಉದ್ಘಾಟಿಸುವುದಕ್ಕೆ ಮುಂಚೆ ಇಲ್ಲಿ ಒಕ್ಕಲುಮನೆಗಳಿದ್ದುವು. ಬಂದರಿಗಾಗಿ ಮನೆ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದರು. ಮನೆಗೆ ಬದಲಾಗಿ ನಿವೇಶನ ಕೊಡಬಹುದು. ಮನೆಯ ಹಿಂದಣ ನಾಗಬನಕ್ಕೆ ಬದಲಾಗಿ ಕೊಡುವುದೇನನ್ನು?

ನಮ್ಮ ಕರಾವಳಿಯ ಬನವು ಗುಡಿಯಲ್ಲ. ರೆಂಜೆ, ಹಾಲೆ, ತಾಳೆಗಳು ಬಳ್ಳಿಗಳೊಡನೆ ಹೆಣೆದುಕೊಂಡ ಒಂದು ತುಂಡು ಕಾಡು ಅದು. ಒಳಗೆ ಹುತ್ತ, ನಾಗನ ಕಲ್ಲು. ಅಲ್ಲಿ ಕತ್ತಿ ತಾಗಿಸಬಾರದೆಂಬುದು ಹಿರಿಯರ ಕಟ್ಟಳೆ. ಮುಂಬಯಿ ಸೇರಿದ ಕುಟುಂಬದವರೂ ನಾಗರಪಂಚಮಿಗೆ ಮೂಲಬನವನ್ನರಸಿ ಬಂದು ತನು ಎರೆಯುತ್ತಾರೆ. ಕಲ್ಲನ್ನು ವಿಧಿಪೂರ್ವಕವಾಗಿ ಬೇರೆಡೆ ಪ್ರತಿಷ್ಠೆ ಮಾಡಬಹುದು, ಬೇರುಗಳನ್ನು ಒಯ್ಯಲಾಗದು.

ಈ ಮಾತು ಈಗೇಕೆಂದರೆ, ಕಲ್ಲಿದ್ದಲಿನ ಹೊಗೆಯನ್ನು ತೊರೆದು ಗಾಳಿ ಬಿಸಿಲುಗಳಿಂದ ವಿದ್ಯುತ್ತನ್ನು ಪಡೆಯುವ ಕಾಲ ಬಂದಿದೆ. ಅದು ಬರಲೇಬೇಕು, ಕಡಲ್ಕೊರೆತವನ್ನು ಕಣ್ಣಾರೆ ಕಂಡ ಕರಾವಳಿಯವರು ಬೇಡವೆನ್ನಲಾರರು. ಆದರೆ ಸೂರ್ಯನೂ ನೆಲವನ್ನು ಕೇಳುತ್ತಾನೆ. ಪಾವಗಡದಲ್ಲಿ 2,050 ಮೆಗಾವಾಟ್ ವಿದ್ಯುತ್ತಿಗಾಗಿ ಸುಮಾರು 13,000 ಎಕರೆಯನ್ನು ರೈತರಿಂದ ಗೇಣಿಗೆ ಪಡೆಯಲಾಯಿತು. ಅದು ಬಯಲುಸೀಮೆ. ನಮ್ಮ ಜಿಲ್ಲೆಯಲ್ಲಿ ಅಂಥ ನೆಲವನ್ನು ಹುಡುಕಹೊರಟವನ ಕಣ್ಣು ಮೊದಲು ಹರಿಯುವುದು ಮುರಕಲ್ಲಿನ ಪದವುಗಳ ಮೇಲೆ, ಬಳಿಕ ಕುಮ್ಕಿಯ ಮೇಲೆ. ಕುಮ್ಕಿ ಎಂದರೆ ವರ್ಗಭೂಮಿಯ ಸುತ್ತ ನೂರು ಗಜದೊಳಗಿನ ಸರಕಾರಿ ನೆಲ. ಒಕ್ಕಲಿಗನಿಗೆ ಅಲ್ಲಿ ಸೊಪ್ಪುಸೌದೆಯ ಸವಲತ್ತು ಮಾತ್ರ. ಬನವಿರುವುದು ಅಂಥ ನೆಲದಲ್ಲಾದರೆ ಕಡತವು ಅದನ್ನು ಕಾಣದು. ಕಡತದ ಪಾಲಿಗೆ ಅದು ಖಾಲಿ ಜಾಗ. ಅಪಾಯವಿರುವುದು ಆ ‘ಖಾಲಿ’ ಎಂಬ ಎರಡಕ್ಷರದಲ್ಲಿ.

ಬನವನ್ನು ನಡುವೆ ಬಿಟ್ಟು ಸುತ್ತಲೂ ಫಲಕಗಳನ್ನು ಹಾಸಿದರಾಯಿತೆನ್ನುವವರುಂಟು. ಅಷ್ಟು ಸುಲಭವಲ್ಲ. ಫಲಕಕ್ಕೆ ನೆರಳು ವೈರಿ, ಬನಕ್ಕೆ ನೆರಳೇ ಜೀವ. ಇಂದು ಬಿಟ್ಟ ಮರದ ಕೊಂಬೆಯನ್ನು ನಾಳೆ ಸವರುವ ಆಸೆ ಹುಟ್ಟದಿರದು. ಆದುದರಿಂದ ಸರಪಳಿ ಹಿಡಿಯುವ ಮೊದಲೇ ಊರ ಹಿರಿಯರೊಡನೆ ನಡೆದು, ಬನವನ್ನೂ ಅದರ ನೆರಳು ಚಾಚುವಷ್ಟು ನೆಲವನ್ನೂ ತನು ಒಯ್ಯುವ ಕಾಲುದಾರಿಯನ್ನೂ ನಕಾಶೆಯಲ್ಲಿ ಗುರುತಿಸಬೇಕು. ಅದಕ್ಕೂ ಮುಂಚೆ, ಈಗಾಗಲೇ ನೆರಳನ್ನು ಕಳೆದುಕೊಂಡ ಜಾಗಗಳು ಬೇಕಾದಷ್ಟಿವೆ. ಬಂದರಿನ ಕಟ್ಟಡಗಳ ಮೇಲೆ ಫಲಕಗಳು ಬಂದಿವೆ; ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಮಾಡುಗಳೆಲ್ಲ ತುಂಬಿದ ಮೇಲೆ ಪದವುಗಳ ಮಾತನ್ನಾಡಬಹುದು.

ಇಷ್ಟೆಲ್ಲ ಬರೆಯುವಾಗ ಸಂಕೋಚವೂ ಆಗುತ್ತದೆ. ಎಷ್ಟೋ ಬನಗಳನ್ನು ಕಡಿದವರು ಹೊರಗಿನವರಲ್ಲ, ಭಕ್ತರಾದ ನಾವೇ. ಜೀರ್ಣೋದ್ಧಾರವೆಂದು ಮರಗಳನ್ನುರುಳಿಸಿ, ಹುತ್ತವನ್ನು ಮುಚ್ಚಿ, ಸಿಮೆಂಟಿನ ಕಟ್ಟೆ ಕಟ್ಟಿಸಿದ್ದೇವೆ. ಬೇಸಗೆಯಲ್ಲಿ ತಂಬಿಲಕ್ಕೆ ನಿಂತರೆ ಅಂಗಾಲು ಸುಡುತ್ತದೆಂದು ಮೇಲೆ ತಗಡಿನ ಮಾಡು ಹೊದೆಸಿದ್ದೇವೆ. ಸೌರಫಲಕವನ್ನಿಡಲು ಆ ಮಾಡಿಗಿಂತ ತಕ್ಕ ಜಾಗವಿಲ್ಲ.