ಇಷ್ಟೇ ಇಷ್ಟು ಮನುಷ್ಯ, ಅಷ್ಟು ದೊಡ್ಡ ಆಕಾಶ

ಪ್ರಶ್ನೆ: ಬಿರುಗಾಳಿ, ಪ್ರಪಾತ, ಕತ್ತಲ ಕಡಲಿನ ಚಿತ್ರಗಳು ಹೆದರಿಸುವಂತಿದ್ದರೂ ನಮ್ಮನ್ನೇಕೆ ಸೆಳೆಯುತ್ತವೆ?

ಜಗಲಿಯಲ್ಲಿ ಕೂತು ಗುಡುಗು-ಸಿಡಿಲಿನ ಮಳೆ ನೋಡುವಾಗ ಮೈ ಜುಮ್ಮೆನ್ನುತ್ತದಲ್ಲ, ಇದೂ ಹಾಗೆಯೇ. ಅಪಾಯ ಕಣ್ಣೆದುರಿಗಿದೆ, ಆದರೆ ನಮ್ಮನ್ನು ಮುಟ್ಟದು. ಆಗ ಭಯವೇ ರೋಮಾಂಚನವಾಗುತ್ತದೆ. 1757ರಲ್ಲೇ ಚಿಂತಕ ಎಡ್ಮಂಡ್ ಬರ್ಕ್ ಹೀಗೆ ವಿವರಿಸಿದ್ದ.

ಕಲಾವಿದರು ಇದಕ್ಕೆ ಅಳತೆಯ ಆಟ ಹೂಡುತ್ತಾರೆ. ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಶ್‌ನ ‘ಕಡಲ ದಂಡೆಯ ಸನ್ಯಾಸಿ’ (1808–10) ನೋಡಿ. ಕ್ಯಾನ್ವಾಸಿನ ಬಹುಪಾಲು ಬರೀ ಆಕಾಶ, ಕೆಳಗೆ ಕಪ್ಪು ನೀರಿನ ಪಟ್ಟಿ, ಮರಳ ಮೇಲೆ ಒಂಟಿ ಮನುಷ್ಯ. ಮೊದಲು ಗೀಚಿಕೊಂಡಿದ್ದ ಹಡಗುಗಳನ್ನು ಆತ ಬಣ್ಣದಡಿ ಮುಚ್ಚಿಬಿಟ್ಟ. ಜಾಣತನವಿರುವುದೇ ಅಲ್ಲಿ! ಹಡಗಿದ್ದಿದ್ದರೆ ಕಣ್ಣು ಅದಕ್ಕೆ ಅಂಟಿಕೊಂಡು ದೂರವನ್ನು ಅಳೆದುಬಿಡುತ್ತಿತ್ತು. ಈಗ ಹಿಡಿಯಲು ಏನೂ ಇಲ್ಲ. ನೋಟ ಸೋಲುತ್ತದೆ, ಸನ್ಯಾಸಿಯ ಜಾಗದಲ್ಲಿ ನಾವೇ ನಿಂತಿರುತ್ತೇವೆ. ಮೊಬೈಲ್ ಪರದೆಯಲ್ಲಿ ಇದು ಅಷ್ಟಾಗಿ ದಕ್ಕದು. ಬರ್ಲಿನ್‌ನಲ್ಲಿರುವ ಮೂಲಚಿತ್ರದ ಅಗಲವೇ ಸುಮಾರು 170 ಸೆಂ.ಮೀ.