ಸಮುದ್ರದ ನೀರಿನ ಅಕ್ವೇರಿಯಂ: ಮೀನು ಬಿಡುವ ಮುನ್ನ ತೊಟ್ಟಿಯನ್ನು ಹದಗೊಳಿಸುವ ವಿಧಾನ

ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಸಮುದ್ರದ ಅಲಂಕಾರಿಕ ಮೀನುಗಳನ್ನು ಮನೆಯಲ್ಲಿ ಸಾಕಲು ಬಯಸುವವರ ಮಾಹಿತಿಗಾಗಿ ಈ ಲೇಖನವನ್ನು ನೀಡಲಾಗಿದೆ. ಇಲ್ಲಿಂದ ಚೆನ್ನೈ ಕರಾವಳಿ ರೈಲು ಮಾರ್ಗದಲ್ಲಿ ಸುಮಾರು 290 ಕಿ.ಮೀ. ದೂರವಿರುವುದರಿಂದ ಸಮುದ್ರದ ನೀರನ್ನು ತರಿಸುವುದು ಸುಲಭವಲ್ಲ. ಆದುದರಿಂದ ನೀರನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ.

ಹೊಸ ತೊಟ್ಟಿಯ ನೀರು ಮರುದಿನವೇ ತಿಳಿಯಾಗಿ ಕಾಣುತ್ತದೆ. ಆದರೆ ತಿಳಿಯಾದ ನೀರೆಲ್ಲವೂ ಮೀನಿಗೆ ಯೋಗ್ಯವಾದ ನೀರಲ್ಲ. ಮೀನಿನ ವಿಸರ್ಜನೆ ಹಾಗೂ ಉಳಿದ ಆಹಾರದಿಂದ ಅಮೋನಿಯಾ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ಅಲ್ಪ ಪ್ರಮಾಣದಲ್ಲಿ ವಾಸನೆಯೂ ತಿಳಿಯದು. ಸಮುದ್ರದ ನೀರಿನ ಪಿ.ಎಚ್. ಸುಮಾರು 8.2 ಇರುವುದರಿಂದ, ಪಿ.ಎಚ್. 7 ಇರುವ ಸಿಹಿನೀರಿಗೆ ಹೋಲಿಸಿದರೆ ಅಮೋನಿಯಾದ ವಿಷಕಾರಿ ಅಂಶ ಇಲ್ಲಿ ಹತ್ತು ಪಟ್ಟಿಗಿಂತಲೂ ಹೆಚ್ಚಾಗಿರುತ್ತದೆ. ಗೋಲ್ಡ್ ಫಿಷ್ ಸಾಕಿ ಅನುಭವವಿರುವವರೂ ಸಮುದ್ರದ ಮೀನನ್ನು ಕೆಲವೇ ದಿನಗಳಲ್ಲಿ ಕಳೆದುಕೊಳ್ಳಲು ಇದೊಂದು ಮುಖ್ಯ ಕಾರಣ.

ಈ ವಿಷವನ್ನು ನಿವಾರಿಸುವುದು ಬ್ಯಾಕ್ಟೀರಿಯಾಗಳ ಕೆಲಸ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತದೆ. ಹೊಲಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರ, ಯೂರಿಯಾಗಳಿಂದ ಪೈರಿಗೆ ನೈಟ್ರೇಟ್ ದೊರೆಯುವುದೂ ಮಣ್ಣಿನಲ್ಲಿ ನಡೆಯುವ ಇದೇ ಕ್ರಿಯೆಯಿಂದ. ಮಣ್ಣಿನಲ್ಲಿ ಈ ಜೀವಿಗಳು ಮೊದಲೇ ಇರುತ್ತವೆ. ಗಾಜಿನ ತೊಟ್ಟಿಯಲ್ಲಿ ಇರುವುದಿಲ್ಲ. ಅವು ಕಲ್ಲು, ಮರಳು ಮತ್ತು ಫಿಲ್ಟರಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕಾಗುತ್ತವೆ.

ಮೊದಲಿಗೆ ನೀರಿನ ಮೂಲವನ್ನು ಪರೀಕ್ಷಿಸತಕ್ಕದ್ದು. ಈ ಭಾಗದ ಅನೇಕ ಕೊಳವೆ ಬಾವಿಗಳ ನೀರು ಗಡಸಾಗಿದ್ದು, ಕೆಲವೆಡೆ ಫ್ಲೋರೈಡ್ ಹಾಗೂ ನೈಟ್ರೇಟ್ ಅಂಶವನ್ನೂ ಹೊಂದಿರುತ್ತದೆ. ಮೂಲದಲ್ಲಿಯೇ ನೈಟ್ರೇಟ್ ಇದ್ದರೆ, ತೊಟ್ಟಿಯಲ್ಲಿ ಅದು ಕಂಡುಬಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಬೆಳೆದಿದೆ ಎಂದು ಭಾವಿಸುವಂತಿಲ್ಲ. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಈ ಜೀವಿಗಳನ್ನೇ ಕೊಲ್ಲುತ್ತದೆ. ಆರ್.ಒ. ಯಂತ್ರದಲ್ಲಿ ಶುದ್ಧೀಕರಿಸಿದ ನೀರು ಉತ್ತಮ.

100 ಲೀಟರ್ ನೀರಿಗೆ ಅಕ್ವೇರಿಯಂಗಾಗಿಯೇ ತಯಾರಿಸಿದ ಸಮುದ್ರ ಲವಣ ಸುಮಾರು 3.5 ಕಿ.ಗ್ರಾಂ.ನಿಂದ 3.8 ಕಿ.ಗ್ರಾಂ. ಬೇಕಾಗುತ್ತದೆ. ಅಡುಗೆ ಉಪ್ಪಿನಲ್ಲಿ ಸಮುದ್ರದ ನೀರಿಗೆ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದಿರುವುದರಿಂದ ಅದನ್ನು ಬಳಸಬಾರದು. ಲವಣವನ್ನು ಪ್ರತ್ಯೇಕ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಒಂದು ದಿನ ಪಂಪಿನಿಂದ ಕಲಕಿ, ಹೈಡ್ರೋಮೀಟರ್ 1.025 ತೋರಿಸುವುದನ್ನು ಖಚಿತಪಡಿಸಿಕೊಳ್ಳಬೇಕು. ನಂತರ ನೀರು ಆವಿಯಾಗಿ ಇಳಿದಾಗ ಸಿಹಿನೀರನ್ನು ಮಾತ್ರ ಸೇರಿಸತಕ್ಕದ್ದು, ಲವಣ ಆವಿಯಾಗುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಇಲ್ಲಿನ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುವುದರಿಂದ, ನೀರನ್ನು 25ರಿಂದ 27 ಡಿಗ್ರಿಯಲ್ಲಿಡಲು ಹೀಟರ್ ಅವಶ್ಯ.

ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಮೀನನ್ನೇ ಬಿಡುವ ಹಳೆಯ ಪದ್ಧತಿ ಕ್ರೂರವಾದುದು, ಅನಗತ್ಯವೂ ಹೌದು. ಬದಲಾಗಿ 100 ಲೀಟರಿಗೆ ಸುಮಾರು 0.6 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ ಲೀಟರಿಗೆ 2 ಮಿ.ಗ್ರಾಂ. ಆಗುತ್ತದೆ. ಇದು ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೇ ಆದರೂ, ಅಂಗಡಿಯ ನವಸಾಗರದಲ್ಲಿ ಕಲಬೆರಕೆ ಇರಬಹುದಾದ್ದರಿಂದ ಪ್ರಯೋಗಾಲಯ ದರ್ಜೆಯದನ್ನೇ ಬಳಸುವುದು ಕ್ಷೇಮ. ಅದು ದೊರೆಯದಿದ್ದಲ್ಲಿ ಹಸಿ ಸೀಗಡಿಯ ಒಂದು ತುಂಡನ್ನು ಕೊಳೆಯಲು ಬಿಡಬಹುದು. ವಾಸನೆಯನ್ನು ಮನೆಯವರು ಸಹಿಸಿಕೊಳ್ಳಬೇಕಾಗುತ್ತದೆ.

ಎರಡು ದಿನಕ್ಕೊಮ್ಮೆ ಪರೀಕ್ಷಾ ಕಿಟ್‌ನಿಂದ ಅಳೆದು ಬರೆದಿಡಬೇಕು. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ. ಎರಡನೆಯ ಗುಂಪು ನಿಧಾನವಾಗಿ ಬೆಳೆಯುವುದರಿಂದ ನೈಟ್ರೈಟ್ ಹಲವು ದಿನ ಇಳಿಯದೇ ಇರಬಹುದು. ಬಹುಮಂದಿ ತಾಳ್ಮೆಗೆಡುವುದು ಈ ಹಂತದಲ್ಲಿಯೇ. ಮತ್ತೆ 2 ಮಿ.ಗ್ರಾಂ. ಮಟ್ಟಕ್ಕೆ ಅಮೋನಿಯಾ ಸೇರಿಸಿದಾಗ 24 ಗಂಟೆಗಳೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ತೊಟ್ಟಿ ಸಿದ್ಧವಾಗಿದೆ ಎಂದು ತಿಳಿಯಬೇಕು. ಆ ಬಳಿಕ ಅರ್ಧದಷ್ಟು ನೀರು ಬದಲಿಸಿ ಒಂದೆರಡು ಮೀನುಗಳನ್ನು ಮಾತ್ರ ಬಿಡತಕ್ಕದ್ದು. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕಾದ್ದರಿಂದ ವಿದ್ಯುತ್ ಕಡಿತವಾದಾಗ ಬ್ಯಾಟರಿ ಚಾಲಿತ ಗಾಳಿ ಪಂಪು ಬಳಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು.

ಮೀನನ್ನು ಆಯ್ಕೆ ಮಾಡುವಾಗ ಅದರ ಮೂಲವನ್ನು ವಿಚಾರಿಸುವುದು ಸೂಕ್ತ. ಚಿನ್ನ ಬೇರ್ಪಡಿಸಲು ಬಳಸಿದ ಸೈನೈಡ್‌ನ ದಿಬ್ಬಗಳು, ಗಣಿ 2001ರಲ್ಲಿ ಮುಚ್ಚಿದ ನಂತರವೂ ಇಲ್ಲಿನ ಜನರ ಕಣ್ಣೆದುರಿಗಿವೆ. ಆಗ್ನೇಯ ಏಷ್ಯಾದ ಹವಳದ ದಿಬ್ಬಗಳಲ್ಲಿ ಅದೇ ರಾಸಾಯನಿಕವನ್ನು ಚಿಮ್ಮಿಸಿ ಮೀನನ್ನು ಮಂಪರುಗೊಳಿಸಿ ಹಿಡಿಯುವ ಅಕ್ರಮ ಪದ್ಧತಿಯಿದ್ದು, ಹಾಗೆ ಹಿಡಿದ ಮೀನು ಸಿದ್ಧವಾದ ತೊಟ್ಟಿಯಲ್ಲಿಯೂ ಬದುಕುವುದು ಅನಿಶ್ಚಿತ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ಕೇಂದ್ರದಲ್ಲಿಯೇ ಮರಿ ಮಾಡಿಸುವ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ಅಂತಹ ಮರಿಗಳು ಹೊಸಬರಿಗೆ ಯೋಗ್ಯ. ಹವಳ ಮತ್ತು ಕಡಲ್ಕುದುರೆಗಳು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರಡಿ ರಕ್ಷಿತವಾಗಿರುವುದರಿಂದ ತೊಟ್ಟಿಯ ಅಲಂಕಾರಕ್ಕೆ ಅವುಗಳನ್ನು ಕೊಳ್ಳಬಾರದು.

ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಕೆರೆ, ತೆರೆದ ಬಾವಿ, ಮಳೆನೀರು ಇಂಗುಗುಂಡಿ ಅಥವಾ ಗಿಡಗಳ ಬುಡಕ್ಕೆ ಸುರಿಯದೆ, ಹೆಚ್ಚಿನ ಸಿಹಿನೀರಿನೊಂದಿಗೆ ಶೌಚಾಲಯದ ಮೂಲಕ ಒಳಚರಂಡಿಗೆ ಬಿಡತಕ್ಕದ್ದು.